ಗೋಡೆ ಉಳಿದು ಪೇಟೆ ಅಳಿದರೆ

ಹಳೆಯ ಮಾರುಕಟ್ಟೆಯೊಂದನ್ನು ಹೊಸ ಕಾಲದ ವ್ಯಾಪಾರಕ್ಕೆ ಒಗ್ಗಿಸುವುದೆಂದರೇನು? ಮೈಸೂರಿನ ದೇವರಾಜ ಮಾರುಕಟ್ಟೆಯ ಸಂಬಂಧವಾಗಿ ಈ ಪ್ರಶ್ನೆ ಬಹುಕಾಲದಿಂದ ನಮ್ಮೆದುರಿಗಿದೆ. ೨೦೧೨ರಲ್ಲಿ ನೆರೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. ೨೦೧೬ರಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರದ ಭಾಗವೂ ನೆಲಕ್ಕೊರಗಿತು. ಕೆಡವಿ ಕಟ್ಟಬೇಕೆಂಬವರಿಗೂ ಉಳಿಸಿ ಬಲಪಡಿಸಬೇಕೆಂಬವರಿಗೂ ನಡೆದ ವಾದವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಈ ವಾದದಲ್ಲಿ ಗೋಡೆಗಳ ಮಾತು ಬಂದಷ್ಟು, ಅವುಗಳ ನಡುವೆ ಕುಳಿತವರ ಮಾತು ಬರಲಿಲ್ಲ. ಪರದೇಶಗಳ ಎರಡು ನಿದರ್ಶನಗಳನ್ನು ಇಲ್ಲಿ ನೆನೆಯಬಹುದು. ಪ್ಯಾರಿಸ್ ನಗರವು ತನ್ನ ಲೆ ಹಾಲ್ ಸಗಟು ಪೇಟೆಯನ್ನು ೧೯೬೯ರಲ್ಲಿ ಊರ ಹೊರಕ್ಕೆ ಸಾಗಿಸಿ, ಬಲ್ತಾರನು ರಚಿಸಿದ್ದ ಕಬ್ಬಿಣ ಗಾಜುಗಳ ಮಂಟಪಗಳನ್ನು ೧೯೭೧ರಿಂದ ಕೆಡವತೊಡಗಿತು. ವ್ಯಾಪಾರವೂ ಹೋಯಿತು, ಕಟ್ಟಡವೂ ಹೋಯಿತು. ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಹಾಗಾಗಲಿಲ್ಲ. ಹಣ್ಣು, ಹೂ, ತರಕಾರಿಗಳ ಸಗಟು ವ್ಯಾಪಾರ ೧೯೭೪ರಲ್ಲಿ ನೈನ್ ಎಲ್ಮ್ಸ್‌ಗೆ ಹೋದ ಮೇಲೆ, ೧೮೩೦ರ ಆ ಕಟ್ಟಡವು ಜೀರ್ಣೋದ್ಧಾರಗೊಂಡು ೧೯೮೦ರಲ್ಲಿ ಅಂಗಡಿ, ಉಪಾಹಾರಗೃಹಗಳ ತಾಣವಾಗಿ ತೆರೆಯಿತು. ಕಟ್ಟಡ ಉಳಿಯಿತು, ಅದನ್ನು ಕಟ್ಟಿಸಿದ ವ್ಯಾಪಾರ ಉಳಿಯಲಿಲ್ಲ.

ಲಂಡನ್ನಿನ ಕ್ರಮವನ್ನೇ ನಾವೂ ಅನುಸರಿಸೋಣವೆಂಬ ಸಲಹೆ ಸುಲಭವಾದುದು. ಆದರೆ ಅಲ್ಲಿ ಸಗಟು ಸರಕಿನ ಗಾಡಿಗಳು ಇಕ್ಕಟ್ಟಿನ ಬೀದಿಗಳನ್ನು ಕಟ್ಟಿಹಾಕಿದ್ದುವು. ಪೇಟೆ ಸ್ಥಳ ಬಿಡುವುದು ಅನಿವಾರ್ಯವಾಗಿತ್ತು. ದೇವರಾಜ ಮಾರುಕಟ್ಟೆಯ ಜೀವವಾದರೋ ಚಿಲ್ಲರೆ ವ್ಯಾಪಾರ. ಮೊಳ ಮಲ್ಲಿಗೆ, ಕವಳಿಗೆ ವೀಳ್ಯದೆಲೆ, ಚಿಪ್ಪು ರಸಬಾಳೆ, ಚಿಟಿಕೆ ಕುಂಕುಮ - ಇವುಗಳನ್ನು ಕೊಳ್ಳುವವರು ಕೈಚೀಲ ಹಿಡಿದು ಬರುವ ಗೃಹಸ್ಥರು. ಈ ವ್ಯಾಪಾರವನ್ನು ಹೊರಹಾಕಲು ಲಂಡನ್ನಿನ ಕಾರಣ ಇಲ್ಲಿ ಒದಗದು.

ಹಾಗೆಂದು ಇದ್ದುದು ಇದ್ದಂತೆಯೇ ಇರಲಿ ಎನ್ನುವುದೂ ವಿವೇಕವಲ್ಲ. ಸೋರದ ಮಾಳಿಗೆ, ನೀರು ನಿಲ್ಲದ ಚರಂಡಿ, ಭದ್ರವಾದ ವಿದ್ಯುತ್ ತಂತಿ, ಬೆಂಕಿಯನ್ನು ನಂದಿಸುವ ಏರ್ಪಾಡು - ಆಧುನಿಕತೆ ಮೊದಲು ಇವುಗಳಲ್ಲಿ ಕಾಣಿಸಬೇಕು. ಅಪಾಯವಿರುವುದು ಬಾಡಿಗೆಯಲ್ಲಿ. ಜೀರ್ಣೋದ್ಧಾರದ ವೆಚ್ಚವನ್ನೆಲ್ಲ ಮಳಿಗೆಗಳಿಂದಲೇ ವಸೂಲು ಮಾಡಹೊರಟರೆ ಬಾಳೆಲೆ ಮಾರುವವರು ಅಲ್ಲಿ ನಿಲ್ಲಲಾರರು; ಆಭರಣದಂಗಡಿಯೂ ಕಾಫಿಯ ಮಂದಿರವೂ ಅವರ ಸ್ಥಳವನ್ನು ಹಿಡಿದಾವು. ಯಾರನ್ನೂ ಹೊರಗೆ ನೂಕಲಿಲ್ಲವೆಂದು ಆಗ ಎಲ್ಲರೂ ಹೇಳಬಹುದು.

ಆದುದರಿಂದ ಇಂಜಿನಿಯರರ ಅಂದಾಜುಪಟ್ಟಿಗಿಂತ ಮೊದಲು ಇನ್ನೊಂದು ಪಟ್ಟಿ ಸಿದ್ಧವಾಗಬೇಕು: ಇಂದು ಅಲ್ಲಿ ಯಾರು ಕುಳಿತಿದ್ದಾರೆ, ಏನನ್ನು ಮಾರುತ್ತಾರೆ, ಎಷ್ಟು ಬಾಡಿಗೆ ತೆರಬಲ್ಲರು, ಕೆಲಸ ನಡೆಯುವಷ್ಟು ಕಾಲ ಎಲ್ಲಿ ಕೂರುವರು, ಮರಳಿ ಬರುವ ಹಕ್ಕು ಅವರಿಗೆ ಬರಹದಲ್ಲಿ ಉಂಟೇ ಎಂಬುದರ ಪಟ್ಟಿ. ಉಳಿಸಿದರೂ ಸರಿ, ಹೊಸದಾಗಿ ಕಟ್ಟಿದರೂ ಸರಿ, ಅದಿಲ್ಲದೆ ನಮಗೆ ದಕ್ಕುವುದು ಮಾರುಕಟ್ಟೆಯ ಹೆಸರು ಮಾತ್ರ.