ಊದುವುದಲ್ಲ, ಎಳೆಯುವುದು

ಶ್ವಾಸಕೋಶದ ಆಪರೇಷನ್ ಆದ ಹಿರಿಯರನ್ನು ಮನೆಗೆ ಕರೆತಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಮೊದಲು ಮಾಡುವ ಕೆಲಸ ಹಾಸಿಗೆ ಹಾಸಿ ಮಲಗಿಸುವುದು. ‘ಅಲುಗಾಡಬ್ಯಾಡ ತಾತ, ಹೊಲಿಗೆ ಬಿಚ್ಚೀತು’ ಅಂತೀವಿ. ಪ್ರೀತಿಯೇನೋ ಸರಿ. ಆದರೆ ಮಲಗೇ ಇದ್ದರೆ ಕಫ ಎದೆಯಲ್ಲೇ ನಿಂತು ನ್ಯುಮೋನಿಯಾ ಆಗುವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಡಾಕ್ಟರು ಹೇಳಿದಷ್ಟು ದಿನಾ ನಡೆಸಬೇಕು. ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಿಸಬೇಕು. ನೋವಿನ ಮಾತ್ರೆ ತಪ್ಪಿಸಬಾರದು. ನೋವಿದ್ದರೆ ಅವರು ಕೆಮ್ಮುವುದೇ ಇಲ್ಲ. ಬೀಡಿಯಂತೂ ಹೊಸಿಲು ದಾಟಕೂಡದು. ಜ್ವರ, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇದನ್ನೆಲ್ಲ ಆಸ್ಪತ್ರೆಯವರು ಹೇಳೇ ಕಳಿಸುತ್ತಾರೆ. ಯಾವ ಭಾಷೆಯಲ್ಲಿ? ಚೀಟಿ ಇಂಗ್ಲಿಷು, ಮಾತು ತೆಲುಗು. ಮೂರು ಚೆಂಡಿನ ಉಸಿರಾಟದ ಸಾಧನ ಕೈಗಿತ್ತು ‘ಪೀಲ್ಚಂಡಿ’ ಎಂದರೆ, ಕನ್ನಡವೊಂದೇ ಬಲ್ಲ ಅಜ್ಜಿ ಪೀಪಿಯಂತೆ ಊದುತ್ತಾಳೆ. ಅದು ಊದುವುದಲ್ಲ, ಉಸಿರನ್ನು ನಿಧಾನ ಒಳಗೆ ಎಳೆಯುವುದು. ಊದಿದರೆ ಉಪಯೋಗವಿಲ್ಲ.

ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ತೆಲುಗಿನ ಮೇಲೆ ಮುನಿಸಿಲ್ಲ. ಕೇಳುವುದಿಷ್ಟೇ: ಗಡಿಯ ಹಿರಿಯರಿಗೆ ಕನ್ನಡದಲ್ಲೊಂದು ಚೀಟಿ ಕೊಡಿ. ಅವರಿಂದಲೇ ಒಮ್ಮೆ ಮಾಡಿಸಿ ನೋಡಿ, ಆಮೇಲೆ ಮನೆಗೆ ಕಳಿಸಿ.