ಅಕ್ಷರ ಬಂದರೆ ಸಾಲದು, ಪದವೂ ಬರಬೇಕು

ತಾಳವಾಡಿ ಬೆಟ್ಟದ ಕನ್ನಡ ಶಾಲೆಗಳ ಮಕ್ಕಳು ಪಾಠವನ್ನು ಗಡಗಡ ಓದುತ್ತಾರೆ. ಪದದ ಅರ್ಥ ಕೇಳಿದರೆ ಮೇಷ್ಟ್ರು ಬರೆಸಿದ್ದನ್ನು ಒಪ್ಪಿಸುತ್ತಾರೆ. ಅದೇ ಪದ ಹಾಕಿ ನಿಂದೇ ಒಂದು ವಾಕ್ಯ ಹೇಳಪ್ಪ ಅಂದರೆ ತಡವರಿಸುವ ಮಕ್ಕಳು ಎಷ್ಟೋ. ದೋಷ ಮಕ್ಕಳದ್ದಲ್ಲ, ಪದ ಒಂದು ಕಡೆ, ಅರ್ಥ ಇನ್ನೊಂದು ಕಡೆ ಬರೆಸಿ ಬಾಯಿಪಾಠ ಮಾಡಿಸುವ ರೂಢಿಯದ್ದು.

ಗಡಿನಾಡ ಮಕ್ಕಳಿಗೆ ಈ ಹೊರೆ ಇಮ್ಮಡಿ. 2006ರ ತಮಿಳು ಕಲಿಕೆ ಕಾಯ್ದೆಯಂತೆ 2006-07ರಲ್ಲಿ ಒಂದನೇ ತರಗತಿಗೆ ಕಡ್ಡಾಯವಾದ ತಮಿಳು, ವರ್ಷಕ್ಕೊಂದು ತರಗತಿ ಏರುತ್ತಾ 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಮನೆಯ ಕನ್ನಡ, ಪುಸ್ತಕದ ಕನ್ನಡ, ತಮಿಳು, ಇಂಗ್ಲಿಷ್ ಎಲ್ಲವೂ ಒಂದೇ ಪುಟ್ಟ ತಲೆಗೆ. ದಿಂಬಂ ಘಾಟಿ ಇಳಿದರೆ ತಮಿಳು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕನ್ನಡ ಬರೀ ಮನೆಮಾತಾಗಿ ಉಳಿದು ಓದುವ ಭಾಷೆಯಾಗಿ ಕೈತಪ್ಪಬಾರದಲ್ಲವೆ?

ದಾರಿ ಕಷ್ಟದ್ದೇನಲ್ಲ. ಒಂದು ಪದವನ್ನು ಮಗುವಿನ ಓದಿನ ಮಟ್ಟ ನೋಡಿ ಬೇರೆ ಬೇರೆ ವಾಕ್ಯದಲ್ಲಿ ಕೊಡಬೇಕು. ‘ಕಾವಲು’ ಎಂಬ ಪದವನ್ನೇ ತಗೊಳ್ಳಿ. ಈಗತಾನೆ ಓದಲು ಕಲಿತ ಮಗುವಿಗೆ, ‘ಅಪ್ಪ ಹೊಲದ ಕಾವಲಿಗೆ ಹೋದರು’ ಸಾಕು. ಮೂರನೇ ತರಗತಿಗೆ, ‘ಆನೆ ನುಗ್ಗದಂತೆ ರಾತ್ರಿಯೆಲ್ಲ ರಾಗಿ ಹೊಲಕ್ಕೆ ಕಾವಲಿದ್ದರು’. ಐದನೆಯದಕ್ಕೆ, ‘ಕಾಡಿಗೆ ಜನರೇ ಕಾವಲಾದರೆ ಮಾತ್ರ ಕಾಡು ಉಳಿಯುತ್ತದೆ’. ಪದ ಒಂದೇ, ಅರ್ಥ ಮಾತ್ರ ಹೊಲದಿಂದ ಹೊರಟು ದೂರ ನಡೆಯುತ್ತದೆ. ಪೊಲೀಸ್ ಠಾಣೆ ಮುಂದಿನ ‘ಕಾವಲ್ ನಿಲೈಯಂ’ ಎಂಬ ತಮಿಳು ಫಲಕ ತೋರಿಸಿದರೆ, ಎರಡು ಭಾಷೆಯ ನಂಟೂ ಮಗುವಿಗೆ ತಾನಾಗೇ ತಿಳಿಯುತ್ತದೆ.

ಮಟ್ಟ ನೋಡಿ ಕಲಿಸುವುದು ಎರಡೂ ಸರ್ಕಾರಗಳಿಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಗು ತನ್ನ ವೇಗದಲ್ಲೇ ಕಲಿಕಾ ಏಣಿ ಹತ್ತುತ್ತದೆ. ತಮಿಳುನಾಡು 2022ರಲ್ಲಿ ಆರಂಭಿಸಿದ ‘ಎಣ್ಣುಂ ಎಳುತ್ತುಂ’ ಯೋಜನೆಯಲ್ಲೂ ಅರುಂಬು, ಮೊಟ್ಟು, ಮಲರ್ ಎಂದು ಮೂರು ಮಟ್ಟಗಳಿವೆ. ಅದೇ ಬಗೆಯಲ್ಲಿ ಇಲ್ಲಿನ ಹೊಲ, ಕಾಡು, ಸಂತೆ, ಗುಮಟಾಪುರದ ಗೊರೆಹಬ್ಬದ ಮಾತುಗಳನ್ನೇ ಇಟ್ಟುಕೊಂಡು ಒಂದು ಕನ್ನಡ ಪದಪುಸ್ತಕ ಯಾಕಾಗಬಾರದು? ತಾಳವಾಡಿ ಮತ್ತು ಚಾಮರಾಜನಗರದ ಶಿಕ್ಷಕರು ಒಟ್ಟಿಗೆ ಕೂತರೆ ಇದು ಆಗದ ಕೆಲಸವಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಅದನ್ನು ಮುಂದಿಟ್ಟು ಅಚ್ಚಿನ ಖರ್ಚಿಗೆ ಶಿಕ್ಷಣ ಇಲಾಖೆಯನ್ನು ಕೇಳುವ ಹಕ್ಕು ಪೋಷಕರಿಗಿದೆ.

ಪುಸ್ತಕ ಬರುವ ತನಕ ಕಾಯಬೇಕಿಲ್ಲ. ಅಪ್ಪ-ಅವ್ವಂದಿರು ರಾತ್ರಿ ಊಟಕ್ಕೆ ಕೂತಾಗ ಪಾಠದ ಒಂದೇ ಒಂದು ಪದ ಕೇಳಲಿ. ಅರ್ಥ ಬೇಡ, ವಾಕ್ಯ ಹೇಳಿಸಲಿ. ಓದು ಬಾರದ ಅಜ್ಜಿಯೂ ಒಂದು ವಾಕ್ಯ ಸೇರಿಸಬಲ್ಲಳು. ದಿನಕ್ಕೊಂದು ಪದವಾದರೂ ವರ್ಷಕ್ಕೆ 365 ಆಯಿತು. ಗಡಿಯಲ್ಲಿ ಕನ್ನಡ ಉಳಿಯುವುದು ಭಾಷಣದಿಂದಲ್ಲ, ಇಂಥ ಲೆಕ್ಕದಿಂದ.