ಬೈಸಿಕೊಂಡ ಸಿನಿಮಾ ನನಗಿಷ್ಟ



ಹೋದ ಸಂಚಿಕೆಯ ‘ನನ್ನ ಮೆಚ್ಚಿನ ಚಲನಚಿತ್ರ’ ಅಂಕಣದಲ್ಲಿ ನಾನು ‘ಘಟಶ್ರಾದ್ಧ’ ಅಂತ ಬರೆದಿದ್ದೆ. ಗಿರೀಶ ಕಾಸರವಳ್ಳಿಯವರ ನಿರ್ದೇಶನ, 1977ರ ಚಿತ್ರ, ಸ್ವರ್ಣಕಮಲ ಬಂದಿದೆ. ಇದೆಲ್ಲ ಜಿ.ಕೆ. ಪುಸ್ತಕದಲ್ಲಿ ಓದಿದ್ದು. ಚಿತ್ರವನ್ನು ಮೊಬೈಲಿನಲ್ಲಿ ಅರ್ಧ ನೋಡಿ ನಿದ್ದೆ ಹೋಗಿದ್ದೆ. ಅದು ದೊಡ್ಡ ಚಿತ್ರವೇ ಇರಬೇಕು, ನನಗಿನ್ನೂ ಅರ್ಥವಾಗಿಲ್ಲ ಅಷ್ಟೆ. ಆದರೆ ‘ಮೆಚ್ಚಿನದು’ ಅಂದದ್ದು ಶುದ್ಧ ಸುಳ್ಳು.

ಪೋಷಕರ ಸಭೆಗೆ ಬಂದಿದ್ದ ಅಮ್ಮ ಈ ಗೋಡೆಯ ಮುಂದೆ ನಿಂತು, ಅಕ್ಷರದ ಮೇಲೆ ಬೆರಳಿಟ್ಟು, ನಿಧಾನವಾಗಿ ಅದನ್ನು ಓದಿದಳು. ಅಮ್ಮ ಓದಿರೋದು ನಾಲ್ಕನೇ ಕ್ಲಾಸು. “ಇದ್ಯಾವ ಸಿನಿಮಾನೇ? ನಾವು ನೋಡಿದ್ದು ಬರೀಲಿಲ್ವಾ?” ಅಂದಳು. ನಾನು ತಲೆ ತಗ್ಗಿಸಿದೆ.

ನಾವು ನೋಡಿದ್ದು 1999ರ ‘ಸೂರ್ಯವಂಶ’. ವಿಷ್ಣುವರ್ಧನ್ ಅವರೇ ಅಪ್ಪ, ಅವರೇ ಮಗ. ಟಿ.ವಿ.ಯಲ್ಲಿ ಬಂದಾಗಲೆಲ್ಲ ನೋಡಿದ್ದೇವೆ. ಓದು ಬಾರದ ಗಂಡ ಹೆಂಡತಿಯನ್ನು ಓದಿಸಿ, ಅವಳು ಡಿ.ಸಿ. ಆಗುವ ಭಾಗ ಬಂದರೆ ಮುದ್ದೆ ತಿರುವುತ್ತಿದ್ದ ಅಮ್ಮ ಕೋಲು ಹಿಡಿದೇ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಒಂದು ಸಲ ಮುದ್ದೆ ತಳ ಹತ್ತಿ ಅಪ್ಪ ಬೈದರು. ಅಮ್ಮ ಏನೂ ಅನ್ನಲಿಲ್ಲ. ಮಾರನೇ ದಿನ ನನ್ನ ಗೈಡಿಗೆ ದುಡ್ಡು ಕೊಟ್ಟಳು.

ಹಾಗಾದರೆ ನಾನು ಸುಳ್ಳು ಬರೆದದ್ದು ಯಾಕೆ? ಕಾಲೇಜಿಗೆ ಹೋಗುವ ನಮ್ಮ ದೊಡ್ಡಪ್ಪನ ಮಗ ನಕ್ಕಿದ್ದ. “ಅದು ತಮಿಳಿನ ರೀಮೇಕು ಕಣೆ, ಬರೀ ಅಳು. ಇಂಥಾವಕ್ಕೆ ವಿಮರ್ಶಕರು ಮಾರ್ಕೇ ಕೊಡಲ್ಲ” ಅಂದಿದ್ದ. ರೀಮೇಕು ಅನ್ನೋದು ನಿಜ, 1997ರ ತಮಿಳು ಚಿತ್ರದ್ದು. ಅಳು ಜಾಸ್ತಿ ಅನ್ನೋದೂ ನಿಜ.

ಆದರೆ ವಿಮರ್ಶಕರ ಮಾತೇ ಕೊನೆಯ ಮಾತಾಗಿದ್ದರೆ ‘ಶೋಲೆ’ ಏನಾಗುತ್ತಿತ್ತು? ನಮ್ಮ ರಾಮನಗರದ ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿ ತೆಗೆದ ಚಿತ್ರ. 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ಒಂದು ಹೆಸರಾಂತ ಪತ್ರಿಕೆ ಅದನ್ನು ಸತ್ತ ಕೆಂಡ ಅಂತ ಕರೆಯಿತು. ಗಬ್ಬರ್ ಸಿಂಗ್ ಆದ ಅಮ್ಜದ್ ಖಾನರ ಧ್ವನಿಯಲ್ಲಿ ಕಸುವಿಲ್ಲ ಅಂದವರಿದ್ದರು. ಆ ಧ್ವನಿಯನ್ನು ಇವತ್ತು ನಮ್ಮ ಕ್ಲಾಸಿನ ಹುಡುಗರೂ ಅಣಕಿಸುತ್ತಾರೆ! ಚಿತ್ರ ಸೋತಿತೆಂದು ಹೆದರಿ, ಸಾಯುವ ಅಮಿತಾಭ್ ಬಚ್ಚನ್‌ರನ್ನು ಬದುಕಿಸಿ ಕೊನೆಯನ್ನೇ ಬದಲಾಯಿಸೋಣ ಅಂತ ತಯಾರಿಸಿದವರು ಯೋಚಿಸಿದ್ದರಂತೆ. ನಿರ್ದೇಶಕ ರಮೇಶ್ ಸಿಪ್ಪಿ ಇನ್ನೆರಡು ದಿನ ಕಾಯೋಣ ಅಂದರು. ಕಾದದ್ದಕ್ಕೆ ಮುಂಬಯಿಯ ಮಿನರ್ವಾ ಟಾಕೀಸಿನಲ್ಲಿ ಐದು ವರ್ಷ ಓಡಿತು. ಜನ ಹಾಡಿನ ರೆಕಾರ್ಡು ಬಿಟ್ಟು ಮಾತಿನ ರೆಕಾರ್ಡು ಕೊಂಡರು. ಆ ವರ್ಷದ ಫಿಲಂಫೇರ್ ಪ್ರಶಸ್ತಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಸಂಕಲನಕ್ಕೆ ಮಾತ್ರ. 2005ರಲ್ಲಿ ಅದೇ ಫಿಲಂಫೇರ್‌ನವರು ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಅಂತ ಅದನ್ನೇ ಆರಿಸಿದರು.

ಇದನ್ನು ದೊಡ್ಡಪ್ಪನ ಮಗನಿಗೆ ಹೇಳಿದೆ. “ಹಂಗಂತ ನಿನ್ನ ಸಿನಿಮಾ ಶೋಲೆ ಆಗುತ್ತಾ?” ಅಂದ. ಆಗಲ್ಲ, ನನಗೂ ಗೊತ್ತು. ಬೈಸಿಕೊಂಡದ್ದೆಲ್ಲ ಚಿನ್ನ ಅಂತ ನಾನು ವಾದಿಸುತ್ತಿಲ್ಲ. ವಿಮರ್ಶೆ ಬೇಕು. ಪೇಪರಿನಲ್ಲಿ ಬಂದರೆ ನಾನೂ ಓದುತ್ತೇನೆ. ಚಿತ್ರದಲ್ಲಿ ಎಲ್ಲಿ ತಪ್ಪಿದೆ ಅಂತ ಅವರು ಹೇಳಲಿ, ಒಪ್ಪುತ್ತೇನೆ. ನಮ್ಮಮ್ಮ ಕೋಲು ಹಿಡಿದು ಬಾಗಿಲಲ್ಲಿ ಯಾಕೆ ನಿಲ್ಲುತ್ತಾಳೆ ಅನ್ನೋದು ಮಾತ್ರ ಅವರಿಗೆ ಗೊತ್ತಿರಲ್ಲ. ಗೊತ್ತಿದ್ದ ನಾನೇ ಅದನ್ನು ಬರೆಯದೆ ಮುಚ್ಚಿಟ್ಟೆ.

ಆದ್ದರಿಂದ ಸಂಪಾದಕರಲ್ಲಿ ವಿನಂತಿ. ಹೋದ ಸಂಚಿಕೆಯ ನನ್ನ ಹಾಳೆ ಕಿತ್ತು ಇದನ್ನು ಅಂಟಿಸಿ. ಸ್ವಲ್ಪ ಕೆಳಗೆ ಅಂಟಿಸಿದರೆ ಒಳ್ಳೇದು, ಅಮ್ಮ ಕುಳ್ಳಗಿದ್ದಾಳೆ.

– 9ನೇ ತರಗತಿ ವಿದ್ಯಾರ್ಥಿನಿ